ಜಾಬರ್ ಮಿಸ್ತ್ರಿಯ ಹೆಡ್‌ಫೋನು

ಮಿಸ್ತ್ರಿ ತೀರಿಕೊಂಡ ಸುದ್ದಿಯನ್ನು ಹಾತಕಣಂಗಲೆ ಸ್ಟೇಶನ್ನಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಗಾಡಿ ಒಳಗೆ ಬರುತ್ತಿತ್ತು, ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿಸಿಕೊಂಡೆ. ಆಮೇಲೆ ದುಃಖಪಡುವುದು ಬಿಟ್ಟು, ‘ಮೊದಲ ಸಲ ಯಾಕೆ ಕೇಳಿಸಲಿಲ್ಲ? ನನ್ನ ಕಿವಿಯೂ ಹೊರಟಿತೇ?’ ಎಂದು ಎರಡೂ ಕಿವಿಯ ಹತ್ತಿರ ಚಿಟಿಕೆ ಹೊಡೆದು ನೋಡಿಕೊಂಡೆ. ನಾನು ಇಂಥ ಮನುಷ್ಯ. ನಲವತ್ತೈದು ದಾಟಿದರೂ ಯಾರ ಸಾವಿನ ಸುದ್ದಿ ಬಂದರೂ ಮೊದಲು ನನ್ನ ನಾಡಿ ಹಿಡಿದು ನೋಡಿಕೊಳ್ಳುತ್ತೇನೆ. ದುಃಖ ಬಂದದ್ದು ಗಾಡಿ ಹತ್ತಿ ಕೂತ ಮೇಲೆ. ಬಂದದ್ದು ಕೊಲ್ಹಾಪುರದಲ್ಲಿ ಇಳಿದರೂ ಇಳಿಯಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಊರಿನಿಂದ ಮುಚ್ಚಿಟ್ಟಿದ್ದ ಒಂದು ಸಂಗತಿಯನ್ನು ಹೇಳಲು ಹೊರಟಿದ್ದೇನೆ. ಅದರ ಜೊತೆ ಹೆಸರನ್ನೂ ಹೇಳಿದರೆ ಎರಡು ತಪ್ಪಾಗುತ್ತದೆ. ಅವರ ವಿಷಯದಲ್ಲಿ ನನ್ನ ಹತ್ತಿರ ಮೊದಲೇ ಸಾಕಷ್ಟು ತಪ್ಪುಗಳಿವೆ.

ಕಬನೂರಿನಲ್ಲಿ ನಾನು ಹೈಸ್ಕೂಲ್ ವಿಜ್ಞಾನ ಮಾಸ್ತರನಾಗಿ ಒಂದು ಕೋಣೆ ಹಿಡಿದುಕೊಂಡಿದ್ದಾಗ, ಎದುರಿಗೇ ಅವರ ಅಂಗಡಿ, ಅಂಗಡಿಯ ಹಿಂದೆ ಮನೆ. ರೇಡಿಯೊ, ಆಂಪ್ಲಿಫೈಯರು, ಮದುವೆ ಮಂಟಪದಲ್ಲಿ ಕಟ್ಟುವ ಕರ್ಣ ಎಂಬ ಲೌಡ್‌ಸ್ಪೀಕರು, ಎಲ್ಲ ರಿಪೇರಿ ಮಾಡುತ್ತಿದ್ದರು. ಅದಕ್ಕೆ ಮೊದಲು ಇಚಲಕರಂಜಿಯ ಪವರ್‌ಲೂಮ್ ಶೆಡ್ಡೊಂದರಲ್ಲಿ ಮಗ್ಗ ಕೆಟ್ಟರೆ ಸರಿಪಡಿಸುವ ಜಾಬರ್ ಆಗಿದ್ದರು. ಹಾಗಾಗಿ ಜನ ಅವರನ್ನು ಕರೆಯುತ್ತಿದ್ದದ್ದು ಜಾಬರ್ ಮಿಸ್ತ್ರಿ ಎಂದೇ. ಮೂಲ ಗಡಿಯ ಕಡೆಯ ಕುರಿ ಸಾಕುವ ಮನೆತನ.

ಅವರ ಚಿತ್ರ ಕಣ್ಣಿಗೆ ಬರುವುದು ಹೀಗೆ: ತಲೆಯ ಮೇಲೆ ಕಪ್ಪು ಹೆಡ್‌ಫೋನು, ಮೇಜಿನ ಮೇಲೆ ಅವರೇ ಕಟ್ಟಿದ ವಾಲ್ವಿನ ಆಂಪ್ಲಿಫೈಯರು, ಅದರ ಮುಂದೆ ಗಿರಾಕಿಯ ಕಡೆ ಮುಖ ಮಾಡಿ ನಿಂತ ಒಂದು ಮೈಕು. ಯಾರೇ ಬರಲಿ, ಹೆಡ್‌ಫೋನು ತೆಗೆಯುತ್ತಿರಲಿಲ್ಲ.

“ಮಿಸ್ತ್ರಿ, ಮೊದಲ ಕಿವೀದು ತಗೀರಿ. ಮಾತಾಡೂದ ಅದ,” ಎಂದು ಗುಡಿಯ ಕಮಿಟಿಯ ಸಾವಕಾರರೊಬ್ಬರು ಒಮ್ಮೆ ಸಿಟ್ಟಾದರು.

“ಮೈಕಿನ ಕಡೆ ತಿರಗಿ ಮಾತಾಡ್ರಿ ಸಾವಕಾರ. ನಿಮ್ಮ ಮಾತೂ ಆಗ್ತದ, ನನ್ನ ಮಶೀನ್ ಟೆಸ್ಟೂ ಆಗ್ತದ.”

ಸಾವಕಾರರು ಮುಖ ಆಚೆ ತಿರುಗಿಸಿ, ನನಗೂ ಕೇಳಿಸದಷ್ಟು ಮೆಲ್ಲಗೆ ಏನೋ ಗೊಣಗಿದರು.

“ಸೊಕ್ಕ ಅಲ್ರಿ,” ಎಂದರು ಮಿಸ್ತ್ರಿ ತಲೆ ಎತ್ತದೆ, “ಸೋಲ್ಡರಿಂಗ್ ನಡದೈತಿ.”

ಸಾವಕಾರರು ಬೆಚ್ಚಿದ್ದು ನೋಡಬೇಕಿತ್ತು. ಮಿಸ್ತ್ರಿಯ ಕಿವಿ ಹದ್ದಿನ ಕಣ್ಣಿದ್ದಂತೆ ಎಂದು ಊರಿನಲ್ಲಿ ಹೆಸರಾಯಿತು. ಕರೆಂಟ್ ಹೋದರೆ ಮಾತ್ರ ಅವರ ರೀತಿ ಬೇರೆ. “ಅಂಗಡಿ ಬಂದ್. ಏಳ್ರಿ, ಏಳ್ರಿ,” ಎಂದು ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಿದ್ದರು. ಹಾಡಹಗಲು ಬೆಳಕಿದ್ದರೂ ಸರಿ.

ಒಂದು ಮಧ್ಯಾಹ್ನ ಹೀಗೇ ಕರೆಂಟ್ ಹೋಯಿತು. ತಲೆಗೆ ಬಿಸಿಲು ಹತ್ತಿ ಸತ್ತವರ ಬಗ್ಗೆ ಆಗ ತಾನೇ ಓದಿದ್ದೆ. ಬಿಸಿಲಿಗೆ ಹೆದರಿ ನಾನೊಬ್ಬನೇ ಏಳದೆ ಕೂತಿದ್ದೆ. ಒಳಗೆ ಹಿತ್ತಾಳೆಯ ಕೊಡವೊಂದು ದಡಲ್ ಎಂದು ಬಿತ್ತು. ಅದರ ಹಿಂದೆಯೇ ಯಾರೋ ಬಿದ್ದ ಸದ್ದು. ಮಿಸ್ತ್ರಿ ನನ್ನೆದುರಿಗೇ ಕೂತು ಸ್ಕ್ರೂಡ್ರೈವರ್ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು. “ಮಿಸ್ತ್ರಿ!” ಎಂದು ಚೀರಿದೆ. ಅಲುಗಲಿಲ್ಲ. ಮೈ ಮುಟ್ಟಿ ಅಲ್ಲಾಡಿಸಿದಾಗ ತಲೆ ಎತ್ತಿ ನನ್ನ ಬಾಯಿ ನೋಡಿದರು. “ಒಳಗ ಬಿದ್ದಾರ” ಎಂಬ ಎರಡು ಶಬ್ದವನ್ನು ನನ್ನ ತುಟಿಯ ಮೇಲಿಂದ ಓದಿ ಎದ್ದು ಓಡಿದರು.

ಅವರ ಹೆಂಡತಿಗೆ ಲಕ್ವಾ ಹೊಡೆದಿತ್ತು.

ಹದಿನೈದು ದಿನದ ಮೇಲೆ ಆಕೆಯನ್ನು ಆಸ್ಪತ್ರೆಯಿಂದ ಕರೆತಂದರು. ಅಂದು ಸಂಜೆ ಮಿಸ್ತ್ರಿ ನನ್ನನ್ನು ಕರೆದು, ಹೆಡ್‌ಫೋನು ಹಾಕಿಕೊಂಡು, ಮೈಕನ್ನು ನನ್ನ ಕಡೆ ಸರಿಸಿದರು.

“ಮಾಸ್ತರ, ನಿಮಗ ಗೊತ್ತಾತು. ಇನ್ನ ಮುಚ್ಚೂದೇನೈತಿ. ಇಪ್ಪತ್ತೆರಡ ವರ್ಷ ಶೆಡ್ಡಿನ್ಯಾಗ ಇದ್ದೆ. ಮನಿಗಿ ಬಂದ್ರೂ ಕಿವಿಯಾಗ ಮಗ್ಗ ನಿಲ್ತಿರ್ಲಿಲ್ಲ. ಒಂದಿನ ನಿಂತ್ವು. ಭಾಳ ಆರಾಮ ಆತು ಅಂದ್ಕೊಂಡೆ. ನೋಡಿದ್ರ ಮಗ್ಗ ಅಷ್ಟ ಅಲ್ಲ, ಎಲ್ಲಾನೂ ನಿಂತಿತ್ತು.”

“ಯಾರಿಗೂ ಹೇಳಿಲ್ಲೇನ್ರಿ?”

“ಕಿವುಡನ ಕೈಯಾಗ ರೇಡಿಯೊ ಯಾರ ಕೊಡ್ತಾರ್ರಿ? ನೀವೂ ಯಾರ ಮುಂದೂ ಅನಬ್ಯಾಡ್ರಿ.”

ಆ ಮೈಕು, ಆ ಆಂಪ್ಲಿಫೈಯರು, ಆ ಹೆಡ್‌ಫೋನು ಅವರ ಕಿವಿ ಎಂದು ಆಗ ತಿಳಿಯಿತು. ಮಾತು ಕೊಟ್ಟೆ. ಕೊಟ್ಟ ದಿನದಿಂದ, ನಿದ್ದೆಯಲ್ಲಿ ಕನವರಿಸಿ ಗುಟ್ಟು ಬಿಟ್ಟುಕೊಟ್ಟರೆ ಗತಿಯೇನು ಎಂಬ ಚಿಂತೆ ಹತ್ತಿಕೊಂಡಿತು. ಕೋಣೆಯಲ್ಲಿ ನಾನೊಬ್ಬನೇ ಮಲಗುತ್ತಿದ್ದೆ ಎಂಬುದು ಬೇರೆ ಮಾತು.

ಅವರ ಹೆಂಡತಿ ಅದೇ ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದವಳು. ಮಗ್ಗಗಳು ನಡೆದಿರುವಾಗ ಅಲ್ಲಿ ಯಾರ ದನಿಯೂ ಯಾರಿಗೂ ಮುಟ್ಟುವುದಿಲ್ಲ. ಎಲ್ಲರೂ ತುಟಿಯಲ್ಲೇ ಮಾತಾಡುತ್ತಾರೆ. ಹಾಗೆ ತುಟಿಯಲ್ಲೇ ಶುರುವಾದ ಸಂಸಾರ. ಕಿವಿ ಹೋದ ಮೇಲೂ ಇವರಿಬ್ಬರಿಗೆ ಏನೂ ಕಡಿಮೆಯಾಗಿರಲಿಲ್ಲ. ಲಕ್ವಾ ಹೊಡೆದ ಮೇಲೆ ಆಕೆಯ ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಮಾತು ತೊದಲಿದರೂ, ಹತ್ತಿರ ಕೂತರೆ ತಿಳಿಯುತ್ತಿತ್ತು. ತುಟಿ ಮಾತ್ರ ಹೇಳಿದ್ದನ್ನು ತೋರಿಸುತ್ತಿರಲಿಲ್ಲ.

“ನಲವತ್ತ ಮಗ್ಗದ ಆ ಕಡಿಂದ ಆಕಿ ಅಂದದ್ದ ಓದತಿದ್ದೆ,” ಎಂದರು ಮಿಸ್ತ್ರಿ. “ಈಗ ಮಗ್ಗಲಾಗ ಕೂತ್ರೂ ಅಕ್ಷರ ಹತ್ತೂದಿಲ್ಲ.”

ಅಂಗಡಿ ಮುಚ್ಚಿದ ಮೇಲೆ ಮೈಕನ್ನು ಉದ್ದದ ವಾಯರಿನಲ್ಲಿ ಒಳಗೆ ಒಯ್ದು ಆಕೆಯ ತಲೆದಿಂಬಿನ ಹತ್ತಿರ ಇಡುತ್ತಿದ್ದರು. ನನ್ನ ಕಿಟಕಿಯಿಂದ ಕಾಣುತ್ತಿತ್ತು: ಆಕೆ ಛಾವಣಿ ನೋಡುತ್ತ ಏನೋ ಹೇಳುತ್ತಿದ್ದಳು. ಇವರು ಕಣ್ಣು ಮುಚ್ಚಿ, ಎರಡೂ ಕೈಯಿಂದ ಹೆಡ್‌ಫೋನು ಒತ್ತಿಕೊಂಡು, ದೂರದ ಸ್ಟೇಶನ್ ಹಿಡಿದವರ ಹಾಗೆ ಕೂತಿರುತ್ತಿದ್ದರು.

ಆ ಹೆಡ್‌ಫೋನು ಕೊಂಡ ದಿನ, ಗುಟ್ಟು ನನಗೆ ತಿಳಿಯುವುದಕ್ಕೆ ಎಷ್ಟೋ ಮೊದಲು, ನಾನೂ ಜೊತೆಗಿದ್ದೆ. ಕೊಲ್ಹಾಪುರದ ಹಳೇ ಸಾಮಾನಿನ ಸಾಲಿನಲ್ಲಿ, ತುಕ್ಕು ಹಿಡಿದ ಬೀಗಗಳ ಗುಡ್ಡೆಯ ಹತ್ತಿರ, ಒಂದೇ ತರಹದ ಎರಡು ಸಿಕ್ಕವು. ಮಿಸ್ತ್ರಿ ಕಿಸೆಯಿಂದ ಟಾರ್ಚಿನ ಸೆಲ್ಲು ತೆಗೆದು ವಾಯರಿಗೆ ತಾಗಿಸಿ, ಹೆಡ್‌ಫೋನನ್ನು ಕಿವಿಗಲ್ಲ, ಮುಂದಿನ ಹಲ್ಲಿಗೆ ಒತ್ತಿಕೊಂಡರು.

“ಅಹೋ, ಖಾತಾ ಕಾಯ್?” ಎಂದ ಮಾರುವವನು. ತಿನ್ನುತ್ತೀರೇನು ಎಂದು.

“ರುಚಿ ಬಘತೋ,” ರುಚಿ ನೋಡುತ್ತಿದ್ದೇನೆ, ಎಂದರು ಇವರು, ಅವನ ಬಾಯಿ ನೋಡಿಕೊಂಡೇ. ಕಿವಿ ಹೋದರೂ ಎಲುಬಿನಲ್ಲಿ ಸದ್ದು ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು, ಪುಸ್ತಕದಲ್ಲಿತ್ತು. ಎದುರಿಗೆ ನಡೆದಾಗ ಮಾತ್ರ, ಪಾಪ, ಹಲ್ಲು ನೋವೇನೋ ಅಂದುಕೊಂಡೆ.

ಯಾವ ಹೆಡ್‌ಫೋನಿಗೆ ಯಾವ ಆಂಪ್ಲಿಫೈಯರು ಎಂಬುದರಲ್ಲಿ ಅವರು ಭಾರೀ ಕಟ್ಟುನಿಟ್ಟು. “ದೊಡ್ಡ ಟಗರಿಗಿ ಸಣ್ಣ ಹಗ್ಗ ಕಟ್ಟಿದ್ರ ಹರಕೊಂಡ ಹೋಗ್ತದ. ಸಣ್ಣ ಮರೀಗಿ ದಪ್ಪ ಹಗ್ಗ ಕಟ್ಟಿದ್ರ ಮರಿ ಕುತ್ತಿಗೀನ ಎತ್ತೂದಿಲ್ಲ,” ಎನ್ನುತ್ತಿದ್ದರು. ಓಮ್‌ನ ನಿಯಮವನ್ನು ವರ್ಷಕ್ಕೆರಡು ಸಲ ಬೋರ್ಡಿನ ಮೇಲೆ ಬರೆದು ಒರೆಸುವ ನಾನು, ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ.

ಮಿಸ್ತ್ರಿಯ ಹೆಂಡತಿಗೆ ಲಕ್ವಾ ಹೊಡೆದ ಆ ಬೇಸಿಗೆಯಲ್ಲೇ ಗಡಹಿಂಗ್ಲಜದಲ್ಲಿ ನಮ್ಮ ಅಜ್ಜಿ ವ್ರತ ತೆಗೆದುಕೊಂಡಳು. ಆಕೆಯನ್ನು ನಾವು ಆಯಿ ಎನ್ನುತ್ತಿದ್ದೆವು. ನಮ್ಮ ಜೈನ ಮನೆಗಳಲ್ಲಿ ವಯಸ್ಸಾದವರು ಕೆಲವರು ಹೀಗೆ ಅನ್ನ ಬಿಟ್ಟು, ಹಾಲು ಬಿಟ್ಟು, ಕೊನೆಗೆ ನೀರನ್ನೂ ಬಿಟ್ಟು ದೇಹ ಬಿಡುತ್ತಾರೆ. ಅಲ್ಲಿಯವರೆಗೆ ಅವರ ಕಿವಿಯಲ್ಲಿ ಮಂತ್ರ ಬೀಳುತ್ತಿರಬೇಕು. ಆಯಿಗೆ ಹತ್ತು ವರ್ಷದಿಂದ ಕಿವಿ ಕೇಳುತ್ತಿರಲಿಲ್ಲ. ಮಿರಜದಿಂದ ತಂದಿದ್ದ ಕಿವಿಯ ಯಂತ್ರ ಬರೀ ಸೀಟಿ ಊದುತ್ತಿತ್ತು. ಸುತ್ತ ಕೂತು ಮಂತ್ರ ಹೇಳುವವರನ್ನು ನೋಡಿ ಆಕೆ ಅಂದಳಂತೆ:

“ಬರೇ ಬಾಯಿ ಆಡಸ್ತೀರಿ, ಬಾವಿಯಾಗಿನ ಮೀನಿನಂಗ. ನಾ ಏನ ಕೇಳಕೋತ ಹೋಗ್ಲಿ?”

ಮಿಸ್ತ್ರಿಗೆ ಇದನ್ನು ಸುಮ್ಮನೆ ಹೇಳಿದೆ. ಅವರು ಮೂರು ದಿನ ಅಂಗಡಿ ಮುಚ್ಚಿ ಕೂತು ಇನ್ನೊಂದು ಸಣ್ಣ ಆಂಪ್ಲಿಫೈಯರು ಕಟ್ಟಿದರು. ಅದಕ್ಕೆ ಒಂದು ಮೈಕು, ಎರಡು ಹೆಡ್‌ಫೋನು ಕೊಟ್ಟರು. ಒಂದು ಕೊಲ್ಹಾಪುರದಿಂದ ತಂದಿದ್ದ ತಮ್ಮ ಹೆಡ್‌ಫೋನಿನ ಜೋಡಿ, ಇನ್ನೊಂದು ಬೇರೆ ಜಾತಿಯದು. “ಮುದಕೀ ಕಿವಿ ಯಾವದಕ್ಕ ಒಲೀತದೋ ಯಾರಿಗ್ಗೊತ್ತು. ಎರಡೂ ಹಚ್ಚಿ ನೋಡ್ರಿ.” ಆಂಪ್ಲಿಫೈಯರಿನ ಹಿಂದೆ ಎರಡು ತೂತು: ಒಂದರಲ್ಲಿ ಜೋರು ಕರೆಂಟು, ಒಂದರಲ್ಲಿ ಮೆದು. ಮಗ್ಗದ ಶೆಡ್ಡಿನಲ್ಲಿ ಬಟ್ಟೆಯ ಥಾನುಗಳಿಗೆ ಗುರುತು ಕಟ್ಟುವ ಹಾಗೆ, ಒಂದು ತೂತಿಗೂ ಅದರ ಹೆಡ್‌ಫೋನಿಗೂ ಕೆಂಪು ನೂಲು ಕಟ್ಟಿದರು, ಇನ್ನೊಂದಕ್ಕೆ ಹಸಿರು.

“ಕೆಂಪಿಗಿ ಕೆಂಪು, ಹಸರಿಗಿ ಹಸರು. ಇಷ್ಟ ನೆನಪಿಡ್ರಿ.” ಆಮೇಲೆ ಹೆಡ್‌ಫೋನಿನ ದಿಂಬು ಸವರಿ, “ಆಯಿಗೆ ಚರ್ಮ ನಡೀತದೇನ್ರಿ?” ಎಂದರು.

ಹೆಡ್‌ಫೋನಿನ ದಿಂಬು ಚರ್ಮದ್ದೆಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಜೈನನಾದವನು ನಾನು! ಅವರು ಚರ್ಮ ಬಿಚ್ಚಿ, ಬಿಳಿ ಅರಿವೆಯೊಳಗೆ ಮಗ್ಗದ ಹತ್ತಿ ತುಂಬಿ, ಹೊಸ ದಿಂಬು ಹೊಲಿದರು.

ಸಾಮಾನು ಕಟ್ಟುವುದನ್ನು ಅವರಿಂದ ಕಲಿಯಬೇಕು. ವಾಲ್ವುಗಳನ್ನು ಕಿತ್ತು, ನೂಲಿನ ಚಿಂದಿಯಲ್ಲಿ ಸುತ್ತಿ, ನಾಲ್ಕು ಅಂತಸ್ತಿನ ಊಟದ ಡಬ್ಬಿಯಲ್ಲಿ ಒಂದೊಂದಕ್ಕೆ ಒಂದು ಮನೆ. ಆಂಪ್ಲಿಫೈಯರಿಗೆ ಕೌದಿ. ಹೆಡ್‌ಫೋನಿನ ವಾಯರನ್ನು ಬಿಗಿಯಾಗಿ ಸುತ್ತಬಾರದು, ಹಾವು ಮಲಗಿದ ಹಾಗೆ ಸಡಿಲ ಬಿಡಬೇಕು. ಬಸ್ಸಿನಲ್ಲಿ ಹಿಂದಿನ ಗಾಲಿಯ ಮೇಲಿನ ಸೀಟು ಬೇಡ, ಸಾಮಾನಿಡುವ ಮೇಲಿನ ಫಳಿ ಬೇಡವೇ ಬೇಡ. “ಮಡಲಾಗ ಇಟ್ಕೊಂಡ ಹೋಗ್ರಿ. ಹಸುಗೂಸು ಅಂತ ತಿಳಕೋರಿ.”

ಕಂಡಕ್ಟರ್ ಡಬ್ಬಿ ನೋಡಿ, “ಮಾಸ್ತರ್, ಡಬ್ಯಾತ್ ಕಾಯ್?” ಎಂದ.

“ಕಾಚ್ ಆಹೆ.”

“ಜೇವಾಯ್ಲಾ ಕಾಚ್?” ಊಟಕ್ಕೆ ಗಾಜೇ, ಎಂದು ಇಡೀ ಬಸ್ಸು ನಕ್ಕಿತು.

ನಾನು ನಗಲಿಲ್ಲ. ನಿಪ್ಪಾಣಿ ದಾಟುವ ಹೊತ್ತಿಗೆ ಹೊಸದೊಂದು ಚಿಂತೆ ಹತ್ತಿತ್ತು. ವಾಲ್ವು ಕಾಯುತ್ತದೆ, ಆಂಪ್ಲಿಫೈಯರಿಗೆ ಕಟ್ಟಿದ್ದು ನೂಲು. ಕಿಡಿ ಹಾರಿ ನೂಲು ಹೊತ್ತಿಕೊಂಡರೆ? ಆಯಿಯ ಹಾಸಿಗೆಗೆ ಬೆಂಕಿ ಬಿದ್ದರೆ? ಮನೆ ಮುಟ್ಟಿದವನೇ ಬ್ಲೇಡು ತೆಗೆದು ನಾಲ್ಕೂ ನೂಲನ್ನು ಕತ್ತರಿಸಿ ಎಸೆದೆ. ವಿಜ್ಞಾನ ಮಾಸ್ತರ, ಯಾವುದು ಎಲ್ಲಿಗೆ ಎಂದು ನೋಡಿದರೆ ತಿಳಿಯುವುದಿಲ್ಲವೇ?

ತಿಳಿಯಲಿಲ್ಲ. ಎರಡೂ ಒಂದೇ ತರಹದ ಪಿನ್ನು, ಎರಡೂ ಕಪ್ಪು ವಾಯರು. ಮನೆಯವರೆಲ್ಲ ನಿಂತು ನೋಡುತ್ತಿದ್ದರು. ಒಂದನ್ನು ಧೈರ್ಯ ಮಾಡಿ ಒಂದು ತೂತಿಗೆ ಸಿಕ್ಕಿಸಿದೆ. ಪುಣ್ಯಕ್ಕೆ ಆಯಿಯ ಕಿವಿಗೆ ಇನ್ನೂ ಇಟ್ಟಿರಲಿಲ್ಲ. ಟಪ್ ಎಂದಿತು, ಸುಟ್ಟ ವಾಸನೆ ಬಂತು. ಜೋರು ಕರೆಂಟಿಗೆ ಮೆದು ಹೆಡ್‌ಫೋನು ಕೊಟ್ಟಿದ್ದೆ. ಉಳಿದದ್ದನ್ನು ಸರಿಯಾದ ತೂತಿಗೆ ಹಾಕಿ ಆಯಿಗೆ ತೊಡಿಸಿದರೆ, ಆಕೆ ಮುಖ ಕಿವುಚಿ ಕಿತ್ತು ಹಾಕಿದಳು. “ಜೀರುಂಡಿ ಕೂಗ್ತದ.” ಆಕೆಯ ಕಿವಿಗೆ ಒಲಿಯಬೇಕಾಗಿದ್ದದ್ದು, ಮಿಸ್ತ್ರಿಯ ಹೆಡ್‌ಫೋನಿನ ಆ ಜೋಡಿ, ಸುಟ್ಟುಹೋಗಿತ್ತು.

ಮರುದಿನ ಮೊದಲ ಬಸ್ಸಿಗೆ ಕಬನೂರಿಗೆ ಹೋಗಿ, ಸುಟ್ಟದ್ದನ್ನು ಮೇಜಿನ ಮೇಲಿಟ್ಟು ನಿಂತೆ. ಮಿಸ್ತ್ರಿ ಮೂಸಿ ನೋಡಿದರು. ನೂಲು ಎಲ್ಲಿ ಎಂದು ಕೇಳಿದರು. ಹೇಳಿದೆ.

“ಬೆಂಕಿ ಹತ್ತೀತು ಅಂತ?”

“ಹೌದ್ರಿ.”

ಬೈಯಲಿಲ್ಲ. ಬೈದಿದ್ದರೆ ಇವತ್ತು ನನ್ನ ಬರವಣಿಗೆ ಎಷ್ಟೋ ಹಗುರಾಗುತ್ತಿತ್ತು. “ಆಯೀ ಹತ್ರ ಇನ್ನ ಎಷ್ಟ ದಿನ ಅದಾವ?” ಎಂದರು. ಐದೋ ಆರೋ, ಎಂದೆ. ಸುಟ್ಟದ್ದಕ್ಕೆ ಕೂದಲಿನಂಥ ತಂತಿ ಮತ್ತೆ ಸುತ್ತಲು ವಾರಗಳೇ ಬೇಕು. ಅವರು ಒಳಗೆ ಹೋಗಿ ಹೆಂಡತಿಯ ಹತ್ತಿರ ಸ್ವಲ್ಪ ಹೊತ್ತು ಕೂತು ಬಂದರು. ಬಾಜೂ ಮನೆಯಲ್ಲಿ ಎಲ್ಲರೂ ಮಾವಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಹೆಂಗಸಿಗೆ ಒಂದು ದಿನ ನೋಡಿಕೊಳ್ಳಲು ಹೇಳಿದರು. ಆಮೇಲೆ ತಲೆಯ ಮೇಲಿನ ಹೆಡ್‌ಫೋನು ತೆಗೆದು ಕೈಚೀಲಕ್ಕೆ ಹಾಕಿಕೊಂಡರು.

ಬೇಡ ಎಂದೆ. ನಿಜವಾಗಿಯೂ ಎಂದೆನೋ, ಎಂದ ಹಾಗೆ ಮಾಡಿದೆನೋ, ಈಗ ನೆನಪಿಲ್ಲ.

“ಆಕೀನ್ನ ಕೇಳೇ ತಂದೇನಿ,” ಎಂದರು ಬಸ್ಸಿನಲ್ಲಿ, ನನ್ನ ಬಾಯಿಯತ್ತ ನೋಡುತ್ತ. “ಕೊಡ್ರಿ ಅಂದ್ಳು. ನಾವು ನಾಕ ದಿನ ಬಿಟ್ಟ ಮಾತಾಡಿದ್ರೂ ನಡೀತದ. ಆಯಿಗೆ ನಡಿಯೂದಿಲ್ಲ. ಮುಗದ ಮ್ಯಾಲ ಜಲ್ದಿ ತಂದ ಕೊಡ್ರಿ, ಅಷ್ಟ.” ದಾರಿಯುದ್ದಕ್ಕೂ ಕುಲುಕಾಡುತ್ತ ತಮ್ಮ ಹೆಡ್‌ಫೋನಿನ ಚರ್ಮವನ್ನೂ ಬಿಚ್ಚಿ ಅರಿವೆ ಹೊಲಿದರು. ಎರಡು ಸಲ ಸೂಜಿ ಬೆರಳಿಗೆ ಚುಚ್ಚಿತು.

ಅವರೇ ಆಯಿಗೆ ತೊಡಿಸಿದರು. ನಮ್ಮ ಕಾಕಾ ಮೈಕು ಹಿಡಿದು, ಹತ್ತು ವರ್ಷದ ಅಭ್ಯಾಸದಂತೆ ಗಂಟಲು ಹರಿಯುವ ಹಾಗೆ ಮಂತ್ರ ಶುರು ಮಾಡಿದ.

ಆಯಿ ಕಣ್ಣು ತೆರೆದಳು. “ಯಾಕ ಒದರತಿ? ಇಲ್ಲೇ ಅದೇನಲ್ಲ.”

ಕಾಕಾ ಮೈಕನ್ನು ಬಾಯಿಂದ ದೂರ ಹಿಡಿದ. ಮತ್ತೆ ಮೆಲ್ಲಗೆ ಹೇಳಿದ. ಆಯಿ ಪೂರ್ತಿ ಕೇಳಿ, “ಮೂರನೇ ಸಾಲು ತಪ್ಪ ಹೇಳಿದಿ. ಹತ್ತ ವರ್ಷ ಹಿಂಗ ತಪ್ಪ ಹೇಳಕೋತ ಬಂದೀಯೇನ?” ಎಂದಳು. ಅಳುತ್ತಿದ್ದವರೂ ನಕ್ಕರು. ಮಿಸ್ತ್ರಿ ಮೂಲೆಯಲ್ಲಿ ನಿಂತು ಎಲ್ಲರ ಬಾಯಿಗಳನ್ನೂ ನೋಡಿ, ತಾವೂ ನಕ್ಕು, ಸಂಜೆಯ ಬಸ್ಸಿಗೆ ಹೋದರು. ಐದನೆಯ ದಿನ ಆಯಿ ಕೇಳುತ್ತ ಕೇಳುತ್ತಲೇ ಹೋದಳು.

ಇನ್ನು ನನ್ನ ಕತೆ. ‘ಜಲ್ದಿ’ ಎಂದಿದ್ದರು. ನಾನು ತೆಗೆದುಕೊಂಡದ್ದು ಹತ್ತೊಂಬತ್ತು ದಿನ. ಮೊದಲು ಮನೆಯ ಕಾರ್ಯಗಳು. ಆಮೇಲೆ ಮುಂಗಾರಿಗೆ ಮುಂಚಿನ ಗುಡುಗು ಮಳೆ, ಸೋರುವ ಬಸ್ಸು. ಶಾಲೆಗೆ ರಜೆ, ಹೋಗಲೇಬೇಕೆಂಬ ಒತ್ತಾಯವೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಒಂದನ್ನು ಸುಟ್ಟವನಿಗೆ ಇನ್ನೊಂದನ್ನು ಮುಟ್ಟಲು ಧೈರ್ಯವಿರಲಿಲ್ಲ. ಸೋದರಮಾವನ ಜೀಪು ಇಚಲಕರಂಜಿಗೆ ಹೋಗುವುದಿದೆ, ಅದರಲ್ಲಿ ಸುರಕ್ಷಿತವಾಗಿ ತರುತ್ತೇನೆ ಎಂದು ಮಿಸ್ತ್ರಿಗೆ ಕಾರ್ಡು ಬರೆದೆ. ಉತ್ತರ ಬರಲಿಲ್ಲ. ಬೇಡ ಎನ್ನಲಿಲ್ಲವಲ್ಲ, ಒಪ್ಪಿದ್ದಾರೆ ಎಂದು ತಿಳಿದೆ.

ಜೀಪಿನಲ್ಲಿ, ಮೂರು ಕೌದಿಯೊಳಗೆ, ನನ್ನ ಮಡಿಲಲ್ಲಿ, ಒಂದು ಗೀರು ಬೀಳದಂತೆ ತಂದೆ. ಮಿಸ್ತ್ರಿ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರು. ಒಳಗಿನ ಮಂಚ ಖಾಲಿ ಇತ್ತು. ಅವರ ಹೆಂಡತಿ ಹೋಗಿ ಆರು ದಿನವಾಗಿತ್ತು.

ಅವರು ಒಂದೊಂದೇ ಕೌದಿ ಬಿಚ್ಚಿದರು. “ಭಾಳ ಚಲೋ ಕಟ್ಟೀರಿ,” ಎಂದರು. ಆ ಮಾತಿನಲ್ಲಿ ಕುಹಕ ಹುಡುಕಿದೆ, ಎಷ್ಟೋ ವರ್ಷ ಹುಡುಕಿದ್ದೇನೆ. ಇರಲಿಲ್ಲ. ಹೆಡ್‌ಫೋನು ಹಾಕಿಕೊಂಡು, ಆಂಪ್ಲಿಫೈಯರು ಕಾಯುವವರೆಗೆ ಕಾದು, “ಆಯಿಗೆ ಕೊನೀತನಕ ಕೇಳಸ್ತೇನ್ರಿ?” ಎಂದು ಕೇಳಿದರು.

“ಕೇಳಸ್ತು.”

“ಚಲೋ ಆತು.” ಆಮೇಲೆ ಮೇಜಿನ ಮೇಲಿನ ಧೂಳು ಒರೆಸುತ್ತ, “ಒಂದ ಕೆಲಸ ಮಾಡ್ತೀರೇನ್ರಿ? ಆಕಿ ಕಡೇ ದಿನಾ ಭಾಳ ಮಾತಾಡ್ಯಾಳ. ನಾ ಕೈ ಹಿಡಕೊಂಡ ಹೂಂ ಹೂಂ ಅಂದೇನಿ. ಏನಂದ್ಳು ಅಂತ ಮಾವಶೀನ್ನ ಕೇಳಾಕ ನನಗ ಬರೂದಿಲ್ಲ. ಕೇಳಿದ್ರ, ಮಗ್ಗಲಾಗ ಕೂತಾಂವಗ ಯಾಕ ತಿಳೀಲಿಲ್ಲ ಅಂತಾರ. ನೀವು ಕೇಳಿ ಬರಕೊಂಡ ಬರ್ರಿ.”

ಮಾವಶಿಯ ಕಟ್ಟೆಯ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ಯಾಕೆ ಎಂದು ಆಕೆ ಕೇಳಿದಾಗ ಏನು ಸುಳ್ಳು ಹೇಳಿದೆನೋ. ಪಾಪ, ನೆನಪು ಮಾಡಿ ಮಾಡಿ ಹೇಳಿದಳು. ಕಿಟಕಿ ಹಾಕ್ರಿ ಅಂದಿದ್ಳು, ಮಳಿ ಒಳಗ ಬರ್ತದ ಅಂತ. ಅವರು ಉಂಡ್ರೇನು ಅಂತ ಕೇಳತಿದ್ಳು. ಗಲ್ಲಾ ಕೆರಕೊಂಡಾರ, ಹೊಸಾ ಬ್ಲೇಡ್ ತಗೊಳಾಕ ಹೇಳ್ರಿ ಅಂದಿದ್ಳು. ಶೆಡ್ಡಿನ್ಯಾಗ ಮೊದಲ ಸಲ ಅವರು ಏನಂದ್ರು ನನಗ ತಿಳೀಲೇ ಇಲ್ಲ, ಸುಮ್ಮ ಹೂಂ ಅಂದಿದ್ದೆ ಅಂತ ಹೇಳಿ ಒಬ್ಬಾಕೀನ ನಕ್ಕಿದ್ಳು.

“ಮತ್ತ,” ಎಂದಳು ಮಾವಶಿ, “ಮಾಸ್ತರ ಬಂದ್ರೇನು, ಮಾಸ್ತರ ಬಂದ್ರೇನು ಅಂತ ದಿನಾ ಕೇಳತಿದ್ಳು. ನೀವೇನ ಆಕೀ ತಮ್ಮ ಅಲ್ಲ, ಏನಲ್ಲ. ಯಾಕ ಕೇಳತಿದ್ಳೋ!”

ಅದನ್ನೂ ಬರೆದುಕೊಂಡೆ.

ಅಂಗಡಿಗೆ ಬಂದು ಮೈಕಿನ ಮುಂದೆ ಕೂತೆ. ಮಿಸ್ತ್ರಿ ಕಣ್ಣು ಮುಚ್ಚಿದರು. ಓದತೊಡಗಿದೆ. ಆ ಕೊನೆಯ ಸಾಲನ್ನು ಬಿಟ್ಟುಬಿಡಬೇಕೆಂದು ಹಾದಿಯಲ್ಲೇ ತೀರ್ಮಾನಿಸಿದ್ದೆ. ಅಲ್ಲಿಗೆ ಬಂದಾಗ ಬಿಡಲಾಗಲಿಲ್ಲ. ಅದು ಆಕೆಯ ಮಾತು, ನನ್ನದಲ್ಲ. ಗಡಬಡಿಸಿ ಅದನ್ನೂ ಓದಿ, ನೋಟ್‌ಬುಕ್ ಮುಚ್ಚಿದೆ.

ಮಿಸ್ತ್ರಿ ಕಣ್ಣು ತೆರೆಯಲಿಲ್ಲ. ಎರಡೂ ಕೈಯಿಂದ ಹೆಡ್‌ಫೋನನ್ನು ಇನ್ನಷ್ಟು ಒತ್ತಿಕೊಂಡರು.

“ಮತ್ತ ಮೊದಲಿಂದ ಓದ್ರಿ ಮಾಸ್ತರ,” ಎಂದರು. “ಸಾವಕಾಶ ಓದ್ರಿ. ಆಕಿ ಇಷ್ಟ ಅವಸರ ಮಾತಾಡತಿದ್ದಿಲ್ಲ.”